ಕರುಳಿನ ಉರಿಯೂತ: ಮನೆಮದ್ದಿನ ಪಾಲೆಷ್ಟು, ಮಾತ್ರೆಯ ಪಾಲೆಷ್ಟು?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹಲವು ಒಂದೇ ಕಾಯಿಲೆಯನ್ನು ಕುರಿತಾಗಿದ್ದವು. ವೈದ್ಯರು ಐಬಿಡಿ ಎಂದು ಕರೆಯುವ ಕರುಳಿನ ದೀರ್ಘಕಾಲದ ಉರಿಯೂತಕ್ಕೆ ನೈಸರ್ಗಿಕ ಚಿಕಿತ್ಸೆಯಿಂದ ಎಷ್ಟು ಗುಣ ಸಿಗುತ್ತದೆ ಎಂಬುದು ಎಲ್ಲರ ಕುತೂಹಲ. ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಆರಂಭವಾಗಿ ಮೇಲ್ಮುಖವಾಗಿ ದೊಡ್ಡ ಕರುಳಿನ ಒಳಪದರವನ್ನು ಹುಣ್ಣಾಗಿಸುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು, ನಡುನಡುವೆ ಆರೋಗ್ಯವಂತ ಭಾಗವನ್ನು ಬಿಟ್ಟು ಬರಬಹುದು ಮತ್ತು ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯಬಹುದು. ಹೆಸರು ಹತ್ತಿರವಿದ್ದರೂ ಐಬಿಎಸ್ ಎಂಬುದು ಇವೆರಡಕ್ಕಿಂತ ಬೇರೆಯಾದ ತೊಂದರೆಯಾಗಿದ್ದು, ಅದರಲ್ಲಿ ಕರುಳಿನಲ್ಲಿ ಹುಣ್ಣಾಗಲಿ ರಕ್ತಸ್ರಾವವಾಗಲಿ ಇರುವುದಿಲ್ಲ. ಐಬಿಎಸ್‌ಗೆ ಹೇಳಿದ ಉಪಾಯಗಳನ್ನು ಮೊಬೈಲಿನಲ್ಲಿ ಓದಿ ಐಬಿಡಿಗೆ ಹಚ್ಚಿಕೊಳ್ಳುವುದು ಈಗ ಹೆಚ್ಚಾಗಿರುವುದರಿಂದ ಇದನ್ನು ಮೊದಲೇ ಹೇಳಿದ್ದೇನೆ.

ಪ್ರಶ್ನೆ: ನಾನು ಜಮಖಂಡಿಯಲ್ಲಿ ಶಿಕ್ಷಕಿ, ವಯಸ್ಸು 36. ಮೂರು ವರ್ಷದ ಹಿಂದೆ ಮಲದಲ್ಲಿ ರಕ್ತ ಮತ್ತು ಆಮ ಹೋಗಲು ಶುರುವಾಯಿತು. ಮೂಲವ್ಯಾಧಿ ಇರಬೇಕೆಂದು ಹಲವು ತಿಂಗಳು ಊರ ಔಷಧವನ್ನೇ ಮಾಡಿದೆವು. ಆಮೇಲೆ ಕೊಲೊನೋಸ್ಕೋಪಿ ಮಾಡಿಸಿದಾಗ ಅಲ್ಸರೇಟಿವ್ ಕೊಲೈಟಿಸ್ ಎಂದು ತಿಳಿಯಿತು. ಮೆಸಲಮೈನ್ ಮಾತ್ರೆಯಿಂದ ಎಂಟು ತಿಂಗಳಿಂದ ಪೂರ್ತಿ ಆರಾಮವಾಗಿದ್ದೇನೆ. ಈಗ ಮಾತ್ರೆ ಬಿಟ್ಟು ಅರಿಸಿನದ ಹಾಲು, ಇಸಬ್‌ಗೋಲ್ ಮತ್ತು ಕುಟಜಾರಿಷ್ಟ ತೆಗೆದುಕೋ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಮಾತ್ರೆಯನ್ನು ಬಿಡಬಹುದೇ?

ಉತ್ತರ: ಬಿಡಬೇಡಿ. ನಿಮ್ಮ ಅತ್ತೆಯವರ ಕಾಳಜಿ ನಿಜವಾದದ್ದು, ಅವರು ಹೆಸರಿಸಿದ ಮೂರೂ ವಸ್ತುಗಳಿಗೆ ನಮ್ಮ ಪರಂಪರೆಯಲ್ಲಿ ಗೌರವದ ಸ್ಥಾನವಿದೆ, ಅವುಗಳಲ್ಲಿ ಎರಡಕ್ಕೆ ಆಧುನಿಕ ಪರೀಕ್ಷೆಗಳ ಬೆಂಬಲವೂ ಒಂದು ಮಟ್ಟಿಗೆ ಇದೆ. ಆದರೆ ಆ ಬೆಂಬಲ ಬಹುಪಾಲು ಮಾತ್ರೆಯ ಜೊತೆಗೆ ತೆಗೆದುಕೊಂಡಾಗ ಸಿಕ್ಕಿದ್ದು ಎಂಬುದನ್ನು ಗಮನಿಸಬೇಕು.

ಮೊದಲು ನಿಮ್ಮ ಈಗಿನ ಆರಾಮದ ವಿಚಾರವನ್ನು ನೋಡೋಣ. ಈ ಕಾಯಿಲೆ ಬೂದಿ ಮುಚ್ಚಿದ ಕೆಂಡದಂತೆ ಇರಬಲ್ಲದು. ಹೊಟ್ಟೆನೋವು, ರಕ್ತ, ಅವಸರ ಎಲ್ಲವೂ ನಿಂತ ಮೇಲೆಯೂ ಕರುಳಿನ ಒಳಪದರದಲ್ಲಿ ಸಣ್ಣ ಉರಿಯೂತ ಉಳಿದಿರಬಹುದು, ಮತ್ತು ಅದು ನಿಮ್ಮ ಅನುಭವಕ್ಕೆ ಬರುವುದಿಲ್ಲ. ಅದನ್ನು ತಿಳಿಯಲು ಪ್ರತಿ ಸಲ ಕೊಲೊನೋಸ್ಕೋಪಿಯೇ ಆಗಬೇಕೆಂದಿಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ಪರೀಕ್ಷೆಯಿದ್ದು, ಸಾಮಾನ್ಯವಾಗಿ ಒಂದು ಗ್ರಾಂ ಮಲದಲ್ಲಿ ಅದು 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಉರಿಯೂತವಿಲ್ಲವೆಂದೂ, 250ನ್ನು ದಾಟಿದರೆ ಉರಿಯೂತ ಸಕ್ರಿಯವಾಗಿದೆಯೆಂದೂ ಭಾವಿಸಲಾಗುತ್ತದೆ. ನಡುವಿನ ಅಂಕಿ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕಾಗುತ್ತದೆ. ಯಾವುದೇ ಮನೆಮದ್ದು ನಿಮಗೆ ಒಗ್ಗಿತೋ ಇಲ್ಲವೋ ಎಂಬುದನ್ನು ಹೇಳಬೇಕಾದದ್ದು ಈ ಅಂಕಿ. ಕೊಟ್ಟವರ ಭರವಸೆಯಿಂದಲೂ, ನಿಮ್ಮ ಆ ದಿನದ ಮನಸ್ಸಿನ ಹುರುಪಿನಿಂದಲೂ ಅದನ್ನು ಅಳೆಯಲು ಆಗದು.

ಇನ್ನು ಅರಿಸಿನ. ರಾಯಬಾಗ, ತೇರದಾಳದ ಕಡೆ ಹೊಲದಲ್ಲಿ ಬೆಳೆಯುವ ಈ ಗೆಡ್ಡೆಯ ಮೇಲೆ ನಮ್ಮ ಜನರಿಗಿರುವ ವಿಶ್ವಾಸಕ್ಕೆ ಆಧಾರವಿದೆ. ಅದರಲ್ಲಿರುವ ಕರ್ಕ್ಯುಮಿನ್ ಎಂಬ ಅಂಶವನ್ನು ಜಪಾನಿನ ವೈದ್ಯರು 89 ಕೊಲೈಟಿಸ್ ರೋಗಿಗಳಲ್ಲಿ ಪರೀಕ್ಷಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇವರೆಲ್ಲರೂ ನಿಮ್ಮಂತೆ ಕಾಯಿಲೆ ಶಾಂತವಾಗಿದ್ದವರು, ಎಲ್ಲರೂ ಮೆಸಲಮೈನ್ ಅಥವಾ ಸಲ್ಫಾಸಲಜಿನ್ ಮಾತ್ರೆಯನ್ನು ಮುಂದುವರಿಸಿದ್ದವರು. ಅದರ ಜೊತೆಗೆ ದಿನಕ್ಕೆ ಎರಡು ಗ್ರಾಂ ಕರ್ಕ್ಯುಮಿನ್ ಪಡೆದವರಲ್ಲಿ ಆರು ತಿಂಗಳಲ್ಲಿ 43 ಜನರ ಪೈಕಿ ಇಬ್ಬರಿಗೆ ಕಾಯಿಲೆ ಮರುಕಳಿಸಿತು. ಹುಸಿಮಾತ್ರೆ ಪಡೆದ 39 ಜನರ ಪೈಕಿ ಎಂಟು ಮಂದಿಗೆ ಮರುಕಳಿಸಿತು. ಇದು ಗಮನಾರ್ಹ ವ್ಯತ್ಯಾಸ. ಆದರೆ ದೆಹಲಿಯ ಏಮ್ಸ್‌ನಲ್ಲಿ ದಿನಕ್ಕೆ 450 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣವನ್ನು ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಅಡುಗೆಮನೆಯ ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಭಾಗ. ಜಪಾನಿನ ಪರೀಕ್ಷೆಯ ಎರಡು ಗ್ರಾಂ ಬೇಕೆಂದರೆ ದಿನವೂ ಅರವತ್ತು ಗ್ರಾಂಗೂ ಹೆಚ್ಚು ಪುಡಿಯನ್ನು ನುಂಗಬೇಕಾಗುತ್ತದೆ. ಅಂದರೆ ರಾತ್ರಿಯ ಒಂದು ಲೋಟ ಅರಿಸಿನದ ಹಾಲು ಗಂಟಲಿಗೆ ಹಿತ, ನಿದ್ದೆಗೆ ಹಿತ, ಹಾಲು ಒಗ್ಗುವವರಾದರೆ ಧಾರಾಳವಾಗಿ ಕುಡಿಯಿರಿ, ಆದರೆ ಅದನ್ನು ಚಿಕಿತ್ಸೆಯ ಪ್ರಮಾಣವೆಂದು ತಿಳಿಯಬೇಡಿ.

ಹಾಗಾದರೆ ಕರ್ಕ್ಯುಮಿನ್ ಗುಳಿಗೆಯನ್ನೇ ತೆಗೆದುಕೊಳ್ಳೋಣವೇ ಎಂದು ನೀವು ಕೇಳಬಹುದು. ಮಾತ್ರೆಯ ಜೊತೆಗೆ, ನಿಮ್ಮ ವೈದ್ಯರಿಗೆ ತಿಳಿಸಿ, ತೆಗೆದುಕೊಳ್ಳಲು ಅಡ್ಡಿಯಿಲ್ಲ. ಪಿತ್ತಕೋಶದಲ್ಲಿ ಕಲ್ಲು ಇರುವವರು ಮತ್ತು ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಇದರಿಂದ ದೂರವಿರಬೇಕು. ಬೇಗ ಹೀರಿಕೊಳ್ಳಲೆಂದು ಕರಿಮೆಣಸಿನ ಸತ್ವವನ್ನು ಸೇರಿಸಿದ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿರುವುದರಿಂದ, ಶುರು ಮಾಡಿದ ಕೆಲವು ವಾರಗಳ ನಂತರ ಯಕೃತ್ತಿನ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಿ.

ಇಸಬ್‌ಗೋಲ್ ವಿಷಯದಲ್ಲಿ ನಾನು ಹೆಚ್ಚು ನಿಶ್ಚಿಂತನಾಗಿದ್ದೇನೆ. ಸ್ಪೇನ್ ದೇಶದಲ್ಲಿ 105 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶಾಂತ ಸ್ಥಿತಿಯಲ್ಲಿರುವ ಕೊಲೈಟಿಸ್‌ಗೆ ಇಸಬ್‌ಗೋಲ್ ಬೀಜವನ್ನು ದಿನಕ್ಕೆರಡು ಸಲ ಹತ್ತು ಗ್ರಾಂನಂತೆ ಒಂದು ವರ್ಷ ಕೊಟ್ಟಾಗ, ಮರುಕಳಿಸುವ ಪ್ರಮಾಣ ಮೆಸಲಮೈನ್ ಪಡೆದವರಿಗಿಂತ ಬಹಳ ಬೇರೆಯಾಗಿರಲಿಲ್ಲ. ಎರಡನ್ನೂ ಪಡೆದವರಲ್ಲಿ ಅದು ಎಲ್ಲಕ್ಕಿಂತ ಕಡಿಮೆಯಿತ್ತು. ಇದೊಂದೇ ಪರೀಕ್ಷೆಯನ್ನು ನಂಬಿ ಮಾತ್ರೆಯನ್ನು ಎಸೆಯುವಂತಿಲ್ಲ. ಅದು ಸಣ್ಣದು, ಯಾರಿಗೆ ಏನು ಕೊಡಲಾಗಿದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಪರೀಕ್ಷೆ, ಅಲ್ಲಿ ಕೊಟ್ಟ ಮೆಸಲಮೈನ್ ಕೂಡ ಇಂದು ನಾವು ಬಳಸುವುದಕ್ಕಿಂತ ಕಡಿಮೆ ಪ್ರಮಾಣದ್ದು. ಆದರೂ ಮಾತ್ರೆಯ ಜೊತೆಗೆ ಇಸಬ್‌ಗೋಲ್ ಒಳ್ಳೆಯ ಜೊತೆಗಾರ ಎನ್ನಲು ಇದು ಸಾಕು. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಈ ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ, ಮತ್ತು ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಿರಿ, ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿ, ಬೇರೆ ಔಷಧಗಳಿಗೂ ಇದಕ್ಕೂ ಒಂದೆರಡು ಗಂಟೆಗಳ ಅಂತರವಿರಲಿ. ರಕ್ತ ಹೋಗುತ್ತಿರುವ ಉಲ್ಬಣದ ಹೊತ್ತಿನಲ್ಲಿ ನಿಲ್ಲಿಸಿ.

ಕುಟಜಾರಿಷ್ಟ ಕೊಡಸಿಗೆ ಗಿಡದ ತೊಗಟೆಯಿಂದ ತಯಾರಾಗುವ ಔಷಧ. ಅತಿಸಾರ, ಪ್ರವಾಹಿಕೆ, ರಕ್ತಾತಿಸಾರಗಳಿಗೆ ಆಯುರ್ವೇದದಲ್ಲಿ ಅದರ ಬಳಕೆ ಬಹಳ ಹಳೆಯದು. ಆದರೆ ಕೊಲೈಟಿಸಿನ ಹುಣ್ಣನ್ನು ಒಣಗಿಸಿ ಮತ್ತೆ ಬಾರದಂತೆ ತಡೆಯಲು ಮೆಸಲಮೈನಿಗೆ ಬದಲಾಗಿ ಇದನ್ನು ಕೊಡಬಹುದೆಂದು ಹೇಳುವಷ್ಟು ಪುರಾವೆ ಸಾಲದು. ತೆಗೆದುಕೊಳ್ಳುವ ಇಚ್ಛೆಯಿದ್ದರೆ ಪದವಿ ಪಡೆದ ಆಯುರ್ವೇದ ವೈದ್ಯರ ಬಳಿ ಹೋಗಿ, ಕೊಲೊನೋಸ್ಕೋಪಿಯ ವರದಿಯನ್ನು ಅವರ ಮುಂದಿಡಿ, ಮೆಸಲಮೈನ್ ನಡೆದಿದೆ ಎಂದು ಹೇಳಿ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಪಾರಂಪರಿಕ ಔಷಧಗಳಿಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆಯನ್ನು ನಡೆಸುತ್ತಿದೆ. ಎರಡು ಪದ್ಧತಿಗಳು ಒಂದನ್ನೊಂದು ಪರೀಕ್ಷೆಗೆ ಒಡ್ಡಿಕೊಂಡು ಮುಂದೆ ಹೋಗಬೇಕೆಂಬುದೇ ನನ್ನ ಆಸೆಯೂ ಹೌದು. ನನ್ನ ಭಯವಿರುವುದು ಲೇಬಲ್ ಇಲ್ಲದ ಪೊಟ್ಟಣಗಳ ಬಗ್ಗೆ. ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರಾಟವಾಗುತ್ತಿದ್ದ 70 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾರದ ಅಥವಾ ಆರ್ಸೆನಿಕ್ ಸಿಕ್ಕಿತೆಂದು 2004ರಲ್ಲಿ ಪ್ರಕಟವಾಯಿತು. ಹೆಸರಿಲ್ಲದ ಪುಡಿಯಿಂದ ಮೂರೇ ದಿನದಲ್ಲಿ ರಕ್ತ ನಿಂತಿತು ಎಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದೇ ಎಂಬ ಸಂಶಯವನ್ನು ಇಟ್ಟುಕೊಳ್ಳಲೇಬೇಕು. ಹಾಗೆಯೇ ಕಾಯಿಲೆ ಉಲ್ಬಣವಾಗಿರುವಾಗ ಹೊಟ್ಟೆ ಸ್ವಚ್ಛ ಮಾಡುತ್ತೇವೆಂದು ಕೊಡುವ ಬಲವಾದ ಭೇದಿ ಔಷಧಕ್ಕೆ ಒಪ್ಪಬೇಡಿ. ಹುಣ್ಣಾದ ಕರುಳು ಅದನ್ನು ತಾಳದು.

ಕಾಯಿಲೆ ಆರಂಭವಾಗಿ ಎಂಟು ವರ್ಷಗಳಾದ ಮೇಲೆ ದೊಡ್ಡ ಕರುಳಿನ ಕ್ಯಾನ್ಸರಿಗಾಗಿ ನಿಯತವಾಗಿ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕೆಂಬುದನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಆರಾಮವಾಗಿದ್ದವರೇ ಇದನ್ನು ಮರೆಯುವುದು.

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ರೈತ. ಮಗನಿಗೆ 19 ವರ್ಷ. ಸಣ್ಣ ಕರುಳಿನ ಕೊನೆಯಲ್ಲಿ ಕ್ರೋನ್ಸ್ ಕಾಯಿಲೆ ಇದೆ, ಒಂದು ಕಡೆ ಕರುಳು ಕಿರಿದಾಗಿದೆ ಎಂದಿದ್ದಾರೆ. ಮೊದಲು ಟಿಬಿ ಇರಬಹುದೆಂದು ಔಷಧ ಕೊಟ್ಟಿದ್ದರು, ನಂತರ ಬದಲಿಸಿದರು. ಮನೆಯಲ್ಲಿ ಭಯದಿಂದ ಅವನಿಗೆ ಬರೀ ಅನ್ನದ ಗಂಜಿ ಕೊಡುತ್ತಿದ್ದೇವೆ. ಹುಡುಗ ಸೊರಗಿದ್ದಾನೆ, ರೊಟ್ಟಿ ಕೇಳುತ್ತಾನೆ. ಏನು ಕೊಡಬೇಕು?

ಉತ್ತರ: ಮೊದಲಿಗೆ ಟಿಬಿಯ ಮಾತು. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಮತ್ತು ಕ್ರೋನ್ಸ್ ಎರಡೂ ಸಣ್ಣ ಕರುಳಿನ ಕೊನೆಯ ಅದೇ ಜಾಗವನ್ನು ಹಿಡಿಯುತ್ತವೆ, ದುರ್ಬೀನಿನಲ್ಲಿ ಮತ್ತು ಬಯಾಪ್ಸಿಯಲ್ಲಿ ಕೂಡ ಒಂದನ್ನೊಂದು ಹೋಲುತ್ತವೆ. ಕ್ಷಯವಿದ್ದು ಅದನ್ನು ಕ್ರೋನ್ಸ್ ಎಂದುಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಟ್ಟರೆ ಕ್ಷಯ ದೇಹವಿಡೀ ಹರಡಬಲ್ಲದು. ಆದ್ದರಿಂದಲೇ ಸಂಶಯವಿದ್ದಾಗ ವೈದ್ಯರು ಮೊದಲು ಕ್ಷಯದ ಔಷಧ ಕೊಟ್ಟು, ಎರಡು ಮೂರು ತಿಂಗಳಲ್ಲಿ ಹುಣ್ಣು ಒಣಗಿತೇ ಎಂದು ಮತ್ತೆ ನೋಡುತ್ತಾರೆ. ನಿಮ್ಮ ಮಗನಿಗೆ ಹಾಗೆ ಮಾಡಿದ್ದರಲ್ಲಿ ತಪ್ಪು ಹುಡುಕಬೇಡಿ.

ಈಗ ಊಟ. ಬೆಳೆಯುವ ವಯಸ್ಸಿನ ಹುಡುಗನನ್ನು ಬರೀ ಗಂಜಿಯ ಮೇಲೆ ಇಟ್ಟರೆ ಕಾಯಿಲೆಗಿಂತ ಮೊದಲು ಹಸಿವೇ ಅವನನ್ನು ಸೋಲಿಸುತ್ತದೆ. ಉರಿಯೂತದಿಂದ ಪ್ರೋಟೀನ್ ಸೋರಿ ಹೋಗುತ್ತಿರುತ್ತದೆ, ಸ್ನಾಯು ಕರಗುತ್ತದೆ, ಎಲುಬು ತೆಳುವಾಗುತ್ತದೆ. ಆದ್ದರಿಂದ ಮೊದಲ ಗುರಿ ಪ್ರೋಟೀನ್: ಮೆತ್ತಗೆ ಬೇಯಿಸಿ ಕಡೆದ ಹೆಸರುಬೇಳೆ, ಮೊಸರು, ಪನೀರ್, ತಿನ್ನುವ ಮನೆಯಾದರೆ ಮೊಟ್ಟೆ ಮತ್ತು ಮೀನು. ಒಮ್ಮೆಲೇ ಹೊಟ್ಟೆ ತುಂಬ ಕೊಡುವುದರ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ.

ರೊಟ್ಟಿಯ ವಿಷಯದಲ್ಲಿ ಕರುಳು ಎಷ್ಟು ಕಿರಿದಾಗಿದೆ ಎಂಬುದೇ ಮುಖ್ಯ. ಜೋಳದ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ; ಕಾಯಿಲೆ ಶಾಂತವಾಗಿದ್ದು ಕರುಳು ಕಿರಿದಾಗದೆ ಇರುವವರಿಗೆ ಬಿಸಿ ಜೋಳದ ರೊಟ್ಟಿ, ಬೇಯಿಸಿದ ಪಲ್ಯ, ಮಜ್ಜಿಗೆಯ ಊಟದಂಥ ಒಳ್ಳೆಯ ಊಟ ಕಡಿಮೆ. ನಾರಿನಿಂದ ಕಾಯಿಲೆ ಕೆರಳುತ್ತದೆ ಎಂಬ ಹೆದರಿಕೆಯಿಂದ ಅಂಥವರು ಜೀವನಪೂರ್ತಿ ಅನ್ನ ಮತ್ತು ಬ್ರೆಡ್ಡಿಗೆ ಅಂಟಿಕೊಳ್ಳುವುದರಿಂದ ಹಾನಿಯೇ ಹೆಚ್ಚು. ಆದರೆ ಕಿರಿದಾದ ಕರುಳಿನಲ್ಲಿ ಗಟ್ಟಿಯಾದ ನಾರು ಗಂಟಾಗಿ ಸಿಕ್ಕಿಕೊಳ್ಳುವ ಅಪಾಯವಿದೆ. ನಿಮ್ಮ ಮಗನಿಗೆ ಸದ್ಯಕ್ಕೆ ಕಡಕ್ ರೊಟ್ಟಿ ಬೇಡ. ನಮ್ಮ ಕಡೆ ಊಟದ ಪಕ್ಕದಲ್ಲಿ ಬಡಿಸುವ ಹಸಿ ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ, ಬೀಜವಿರುವ ಸೌತೆಕಾಯಿ ಬೇಡ. ತರಿಯಾದ ಶೇಂಗಾ ಹಿಂಡಿ, ಅಗಸೆ ಮತ್ತು ಗುರೆಳ್ಳು ಹಿಂಡಿ, ಇಡೀ ಕಾಳಿನ ಉಸುಳಿ, ಗೋವಿನಜೋಳದ ತೆನೆ, ಬೀಜ ಸಮೇತ ಪೇರಲ, ದಾಳಿಂಬೆ ಇವೂ ಬೇಡ. ಅದರ ಬದಲು ಚೆನ್ನಾಗಿ ಬೆಂದ ಜೋಳದ ನುಚ್ಚಿಗೆ ಮಜ್ಜಿಗೆ ಬೆರೆಸಿ ಕೊಡಿ, ಜೋಳದ ಅಂಬಲಿ ಕೊಡಿ, ನಯವಾದ ಹಿಟ್ಟಿನ ಮೆತ್ತನೆಯ ರೊಟ್ಟಿಯನ್ನು ತೊವ್ವೆಯಲ್ಲಿ ನೆನೆಸಿ ಕೊಟ್ಟು ನೋಡಿ. ಸಿಪ್ಪೆ ಬೀಜ ತೆಗೆದ ಸೋರೆಕಾಯಿ, ಹೀರೆಕಾಯಿ, ಕುಂಬಳಕಾಯಿ, ಗಜ್ಜರಿಗಳನ್ನು ಮೆತ್ತಗೆ ಬೇಯಿಸಿ. ಬಾಳೆಹಣ್ಣು ಕೊಡಬಹುದು. ಶೇಂಗಾವನ್ನು ಬೆಣ್ಣೆಯಂತೆ ನುಣ್ಣಗೆ ರುಬ್ಬಿದರೆ ಅದೂ ನಡೆಯುತ್ತದೆ, ಅದರಲ್ಲಿ ಪ್ರೋಟೀನೂ ಇದೆ, ಕೊಬ್ಬೂ ಇದೆ. ಊಟದ ನಂತರ ಹೊಟ್ಟೆ ಉಬ್ಬಿ, ನೋವು ಅಲೆಅಲೆಯಾಗಿ ಬಂದು, ವಾಂತಿಯಾಗಿ, ಗಾಳಿ ಕೂಡ ಹೋಗದಿದ್ದರೆ ಕರುಳು ಕಟ್ಟಿದೆ ಎಂದರ್ಥ. ಆಗ ಓಂಕಾಳಿನ ಕಷಾಯ ಮಾಡುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಖಾರದ ಬಗ್ಗೆಯೂ ಕೇಳುವವರು ಬಹಳ. ಖಾರದಿಂದ ಕಾಯಿಲೆ ಹುಟ್ಟುವುದಿಲ್ಲ, ಆದರೆ ಉರಿಯೂತವಿರುವಾಗ ನೋವು ಮತ್ತು ಅವಸರವನ್ನು ಹೆಚ್ಚಿಸುತ್ತದೆ. ರಂಜಕ, ಮಿರ್ಚಿ ಭಜಿಗಳನ್ನು ಆ ದಿನಗಳಲ್ಲಿ ದೂರವಿಡಿ. ಹಾಲು ಕುಡಿದರೆ ಹೊಟ್ಟೆ ಗುಡುಗುಡಿಸುವವರು ಹಾಲನ್ನು ಬಿಟ್ಟು ಮೊಸರು, ಮಜ್ಜಿಗೆ ಇಟ್ಟುಕೊಳ್ಳಬಹುದು. ಮಜ್ಜಿಗೆಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ ನಿಜ, ಆದರೆ ಕಾಯಿಲೆಯನ್ನು ತಡೆಯುವಷ್ಟಲ್ಲ. ಪಂಜಾಬಿನ ಲೂಧಿಯಾನದ ವೈದ್ಯರು ಸೌಮ್ಯ ಮತ್ತು ಮಧ್ಯಮ ಕೊಲೈಟಿಸ್‌ನಲ್ಲಿ ಲಾಭವನ್ನು ತೋರಿಸಿದ್ದು ಎಂಟು ತಳಿಗಳ ಅತಿ ಹೆಚ್ಚು ಪ್ರಮಾಣದ ಔಷಧರೂಪದ ಪ್ರೋಬಯಾಟಿಕ್‌ನಿಂದ. ನಿಮ್ಮ ಮಗನಿಗಿರುವ ಕ್ರೋನ್ಸ್‌ನಲ್ಲಿ ಪ್ರೋಬಯಾಟಿಕ್‌ಗಳಿಂದ ಅಂಥ ಲಾಭ ಕಂಡುಬಂದಿಲ್ಲ, ಆ ಹಣವನ್ನು ಉಳಿಸಿ ಮೊಟ್ಟೆ, ಹಣ್ಣಿಗೆ ಹಾಕಿ.

ಊಟವೇ ಔಷಧವಾಗಿ ಕೆಲಸ ಮಾಡುವ ಅತ್ಯಂತ ಗಟ್ಟಿಯಾದ ಉದಾಹರಣೆ ಕ್ರೋನ್ಸ್‌ನಲ್ಲಿಯೇ ಇದೆ ಎಂಬುದು ನಿಮಗೆ ಸಮಾಧಾನ ಕೊಡಬಹುದು. ಮಕ್ಕಳಿಗೆ ಆರರಿಂದ ಎಂಟು ವಾರ ಬೇರೆ ಯಾವ ಆಹಾರವನ್ನೂ ಕೊಡದೆ, ಸಂಪೂರ್ಣ ಪೋಷಕಾಂಶಗಳಿರುವ ದ್ರವಾಹಾರವನ್ನು ಮಾತ್ರ ಕೊಟ್ಟರೆ ಬಹುಪಾಲು ಮಕ್ಕಳಲ್ಲಿ ಸ್ಟಿರಾಯ್ಡ್ ಇಲ್ಲದೆ ಕಾಯಿಲೆ ಶಾಂತವಾಗುತ್ತದೆ. ದೊಡ್ಡವರಿಗೆ ಇದನ್ನು ಪಾಲಿಸುವುದು ಕಷ್ಟ, ಆದರೆ 19ರ ಹುಡುಗ ಮನಸ್ಸು ಮಾಡಿದರೆ ಆಗದ ಮಾತಲ್ಲ. ಆಹಾರತಜ್ಞರಿರುವ ಆಸ್ಪತ್ರೆಯಲ್ಲಿ ಇದರ ಬಗ್ಗೆ ಕೇಳಿ. ಅಂಗಡಿಯ ಪ್ಯಾಕೆಟ್ ತಿನಿಸು, ಬೇಕರಿಯ ಕ್ರೀಮು, ಬಾಟಲಿಯ ಪಾನೀಯಗಳನ್ನು ಮಾತ್ರ ಈಗಿನಿಂದಲೇ ನಿಲ್ಲಿಸಿ. ಅವುಗಳಲ್ಲಿ ಎಣ್ಣೆ, ನೀರು ಬೇರೆಯಾಗದಂತೆ ಹಾಕುವ ಕೆಲವು ರಾಸಾಯನಿಕಗಳು ಕರುಳಿನ ಲೋಳೆಪದರವನ್ನು ತೆಳುವಾಗಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಮತ್ತೊಂದು ಮಾತನ್ನು ಮಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿ: ಬೀಡಿ, ಸಿಗರೇಟು ಸೇದುವವರಲ್ಲಿ ಕ್ರೋನ್ಸ್ ಹೆಚ್ಚು ಉಗ್ರವಾಗುತ್ತದೆ, ಶಸ್ತ್ರಚಿಕಿತ್ಸೆಯ ನಂತರ ಬೇಗ ಮರುಕಳಿಸುತ್ತದೆ. ಬಿಡುವುದು ಯಾವ ಮನೆಮದ್ದಿಗಿಂತಲೂ ದೊಡ್ಡ ಚಿಕಿತ್ಸೆ.

ಪ್ರಶ್ನೆ: ಬಾಗಲಕೋಟೆಯಲ್ಲಿ ಬಸ್ ನಿರ್ವಾಹಕನಾಗಿದ್ದೇನೆ. ಕೊಲೈಟಿಸ್ ಇದೆ. ದಾರಿಯಲ್ಲಿ ಶೌಚಕ್ಕೆ ಅವಸರವಾದರೆ ಎಂಬ ಚಿಂತೆಯಿಂದ ಡ್ಯೂಟಿಯ ದಿನ ಊಟವನ್ನೇ ಮಾಡುವುದಿಲ್ಲ. ನಿದ್ದೆ ಬರುವುದಿಲ್ಲ. ಯೋಗದಿಂದ ಇದು ವಾಸಿಯಾಗುತ್ತದೆಯೇ?

ಉತ್ತರ: ವಾಸಿಯಾಗುವುದಿಲ್ಲ, ಆದರೆ ನಿಮಗೆ ಯೋಗದ ಅಗತ್ಯ ಇತರರಿಗಿಂತ ಹೆಚ್ಚು. ಜರ್ಮನಿಯಲ್ಲಿ ಶಾಂತ ಸ್ಥಿತಿಯ 77 ಕೊಲೈಟಿಸ್ ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಹನ್ನೆರಡು ವಾರ, ವಾರಕ್ಕೊಮ್ಮೆ ಒಂದೂವರೆ ಗಂಟೆ ಯೋಗ ಕಲಿಸಿ, ಉಳಿದವರಿಗೆ ಆರೋಗ್ಯದ ಪುಸ್ತಕಗಳನ್ನಷ್ಟೇ ಕೊಟ್ಟು ಹೋಲಿಸಿ ನೋಡಿದರು. ಯೋಗ ಮಾಡಿದವರ ಜೀವನದ ಗುಣಮಟ್ಟ ಸ್ಪಷ್ಟವಾಗಿ ಸುಧಾರಿಸಿತ್ತು. ಚಿಂತೆ ಕರುಳಿನ ಚಲನೆಯನ್ನು ಚುರುಕಾಗಿಸುತ್ತದೆ, ನೋವಿನ ಅರಿವನ್ನು ಹರಿತಗೊಳಿಸುತ್ತದೆ, ನಿದ್ದೆಗೆಟ್ಟವರಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚು. ಬೆಳಿಗ್ಗೆ ಅರ್ಧ ಗಂಟೆ ನಿಧಾನದ ಆಸನ, ದೀರ್ಘ ಉಸಿರಾಟ, ಕೊನೆಗೆ ಶವಾಸನ ಸಾಕು. ಕಪಾಲಭಾತಿಯಂತೆ ಹೊಟ್ಟೆಯನ್ನು ರಭಸದಿಂದ ಒತ್ತುವ ಕ್ರಿಯೆಗಳನ್ನು, ನೌಲಿ, ಶಂಖಪ್ರಕ್ಷಾಲನಗಳನ್ನು ಮಾಡಬೇಡಿ.

ಊಟ ಬಿಟ್ಟು ಡ್ಯೂಟಿ ಮಾಡುವುದು ಬೇಡವೇ ಬೇಡ. ಪಾಳಿ ಆರಂಭವಾಗುವ ಎರಡು ಗಂಟೆ ಮುಂಚೆ ಸ್ವಲ್ಪ ಉಂಡು, ಶೌಚ ಮುಗಿಸಿ ಹೊರಡಿ. ದಾರಿಯಲ್ಲಿ ಚಹಾ ಕಡಿಮೆ ಮಾಡಿ, ನೀರು ಕಡಿಮೆ ಮಾಡಬೇಡಿ. ನಿಮ್ಮ ತೊಂದರೆ ಹೆಚ್ಚಾಗಿ ಗುದನಾಳದ ಕಡೆಗೇ ಇದ್ದರೆ ಮೆಸಲಮೈನ್‌ನ ಗುದಮಾತ್ರೆ ಅಥವಾ ಎನಿಮಾ ಅವಸರವನ್ನು ಬಾಯಿಯ ಮಾತ್ರೆಗಿಂತ ಚೆನ್ನಾಗಿ ಹತೋಟಿಗೆ ತರುತ್ತದೆ. ಸಂಕೋಚದಿಂದ ಇದನ್ನು ಬೇಡವೆನ್ನುವ ಗಂಡಸರನ್ನು ನಾನು ಬಹಳ ನೋಡಿದ್ದೇನೆ, ಮತ್ತು ಪ್ರತಿ ಸಲವೂ ನನಗೆ ವ್ಯಥೆಯಾಗುತ್ತದೆ. ಡಿಪೋದ ಮೇಲಧಿಕಾರಿಗಳಿಗೆ ವೈದ್ಯಕೀಯ ಪ್ರಮಾಣಪತ್ರ ಕೊಟ್ಟು, ನಿಲ್ದಾಣಗಳು ಹತ್ತಿರ ಹತ್ತಿರ ಇರುವ ಮಾರ್ಗವನ್ನು ಕೇಳಿಕೊಳ್ಳಿ. ಸೊಂಟನೋವು, ತಲೆನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ, ಅವು ಕರುಳಿನ ಉರಿಯೂತವನ್ನು ಕೆರಳಿಸಬಲ್ಲವು, ಪ್ಯಾರಾಸಿಟಮಾಲ್ ಪರವಾಗಿಲ್ಲ.

ಪ್ರಶ್ನೆ: ಬೆಳಗಾವಿಯಿಂದ ಬರೆಯುತ್ತಿದ್ದೇನೆ, ವಯಸ್ಸು 27, ಮದುವೆಯಾಗಿ ಒಂದು ವರ್ಷ. ಕೊಲೈಟಿಸ್‌ಗೆ ಮೆಸಲಮೈನ್ ಮತ್ತು ಅಜಥಿಯೋಪ್ರಿನ್ ನಡೆದಿವೆ. ಮಗುವಿನ ಯೋಚನೆ ಇದೆ. ಗರ್ಭಿಣಿಯಾಗುವ ಮುಂಚೆ ಇಂಗ್ಲಿಷ್ ಔಷಧ ಬಿಟ್ಟು ನೈಸರ್ಗಿಕ ಔಷಧಕ್ಕೆ ಬರಬೇಕೆಂದು ಹಿರಿಯರು ಹೇಳುತ್ತಾರೆ.

ಉತ್ತರ: ತಾಯಿ, ಗರ್ಭಕ್ಕೆ ಈ ಎರಡು ಮಾತ್ರೆಗಳಿಗಿಂತ ಕಾಯಿಲೆಯ ಉಲ್ಬಣವೇ ಹೆಚ್ಚು ಅಪಾಯಕಾರಿ. ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು, ಗರ್ಭಪಾತ ಇವೆಲ್ಲ ಕಾಯಿಲೆ ಸಕ್ರಿಯವಾಗಿರುವಾಗಲೇ ಹೆಚ್ಚು. ಮೂರರಿಂದ ಆರು ತಿಂಗಳು ಸ್ಟಿರಾಯ್ಡ್ ಇಲ್ಲದೆ ಶಾಂತವಾಗಿದ್ದ ಮೇಲೆ ಗರ್ಭಧಾರಣೆಗೆ ಮುಂದಾಗಿ. ಮೆಸಲಮೈನ್ ಮತ್ತು ಅಜಥಿಯೋಪ್ರಿನ್ ಎರಡನ್ನೂ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಗರ್ಭಕ್ಕೆ ಮುಂಚೆ ಕಡ್ಡಾಯವಾಗಿ ಬಿಡಬೇಕಾದದ್ದು ಮೆಥೊಟ್ರೆಕ್ಸೇಟ್, ಅದು ನಿಮಗಿಲ್ಲ. ಫೋಲಿಕ್ ಆ್ಯಸಿಡ್ ಮಾತ್ರೆಯನ್ನು ಈಗಲೇ ಶುರುಮಾಡಿ. ಲೋಳೆಸರದ ರಸ, ಕಷಾಯದ ಪುಡಿ, ಸಾಂದ್ರ ಗುಳಿಗೆಗಳನ್ನು ಈ ಅವಧಿಯಲ್ಲಿ ಮುಟ್ಟಬೇಡಿ. ಬಸುರಿ ಬಾಣಂತಿಯರಿಗೆ ನಮ್ಮ ಮನೆಗಳಲ್ಲಿ ಮಾಡುವ ಊಟ ಒಳ್ಳೆಯದೇ, ಕರದಂಟಿನಂಥ ಅಂಟಿನ ಉಂಡೆಗಳನ್ನು ಮಾತ್ರ ಹೊಟ್ಟೆ ಒಪ್ಪುವಷ್ಟು ತಿನ್ನಿ. ಹಿರಿಯರ ಭಯ ಮಗುವಿಗೂ ಕಾಯಿಲೆ ಬರುತ್ತದೆಯೇ ಎಂಬುದಾದರೆ, ತಂದೆತಾಯಿಯರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆಯಿದ್ದಾಗ ಬಹುತೇಕ ಮಕ್ಕಳಿಗೆ ಅದು ಬರುವುದಿಲ್ಲ ಎಂದು ಅವರಿಗೆ ಹೇಳಿ.

ಪ್ರಶ್ನೆ: ಗೋಕಾಕದಿಂದ. ಅಮೃತಬಳ್ಳಿ ಮತ್ತು ಅಶ್ವಗಂಧದಿಂದ ರೋಗನಿರೋಧಕ ಶಕ್ತಿ ಹೆಚ್ಚಿದರೆ ಕರುಳಿನ ಕಾಯಿಲೆಯೂ ಹೋಗುತ್ತದಲ್ಲವೇ?

ಉತ್ತರ: ಈ ಕಾಯಿಲೆಯಲ್ಲಿ ನಿರೋಧಕ ಶಕ್ತಿ ಕಡಿಮೆಯಾಗಿಲ್ಲ, ಅದು ಅಳತೆ ಮೀರಿ ಎದ್ದು ನಿಮ್ಮದೇ ಕರುಳನ್ನು ಸುಡುತ್ತಿದೆ. ಅದನ್ನು ಇನ್ನಷ್ಟು ಎಬ್ಬಿಸುವ ಔಷಧ ನಿಮಗೆ ಬೇಕಾಗಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಹೆಚ್ಚಾಗಿ ಸೇವಿಸಿ ಯಕೃತ್ತಿನ ಉರಿಯೂತಕ್ಕೆ ಒಳಗಾದವರ ಬಗ್ಗೆ ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ನಿರ್ಣಯವನ್ನು ಒಪ್ಪಲಿಲ್ಲ. ಆದರೂ ಸ್ವಯಂನಿರೋಧಕ ಕಾಯಿಲೆಗಳ ಒಲವು ಇರುವವರು ಇದರಿಂದ ದೂರವಿರುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ, ಅಶ್ವಗಂಧದ ಬಗ್ಗೆಯೂ ಅದೇ. ಗಿಡಮೂಲಿಕೆಯಲ್ಲಿ ಶಕ್ತಿ ಇದೆ ಎಂದು ಒಪ್ಪಿದ ಮೇಲೆ ಅಪಾಯವೂ ಇರಬಹುದೆಂದು ಒಪ್ಪಬೇಕಾಗುತ್ತದೆ. ನೀಲಿ ಗಿಡಗಳಿಂದ ತಯಾರಾಗುವ ಚೀನಾದ ಒಂದು ಪಾರಂಪರಿಕ ಪುಡಿ ಜಪಾನಿನ ಪರೀಕ್ಷೆಯಲ್ಲಿ ಕೊಲೈಟಿಸನ್ನು ಚೆನ್ನಾಗಿಯೇ ತಗ್ಗಿಸಿತು. ಆದರೆ ಅದನ್ನು ತಾವಾಗಿಯೇ ಕೊಂಡು ಸೇವಿಸಿದವರಲ್ಲಿ ಪುಪ್ಪುಸದ ರಕ್ತನಾಳಗಳ ಒತ್ತಡ ಏರಿದ ಪ್ರಕರಣ ಹೊರಬಂದದ್ದರಿಂದ ಅಲ್ಲಿಯ ಸರ್ಕಾರ 2016ರಲ್ಲಿ ಎಚ್ಚರಿಕೆ ನೀಡಿತು, ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಲಾಯಿತು.

ಪ್ರಶ್ನೆ: ಮುದ್ದೇಬಿಹಾಳದಿಂದ. ನನ್ನ ತಂಗಿಗೆ ಕೊಲೈಟಿಸ್. ರಕ್ತ ಕಡಿಮೆ ಇದೆ ಎಂದು ಬೀಟ್‌ರೂಟ್, ದಾಳಿಂಬೆ, ಬೆಲ್ಲ ಕೊಡುತ್ತಿದ್ದೇವೆ. ಮನೆಯಲ್ಲಿ ಎಷ್ಟರ ಮಟ್ಟಿಗೆ ನೋಡಿಕೊಳ್ಳಬಹುದು, ಯಾವಾಗ ಆಸ್ಪತ್ರೆಗೆ ಓಡಬೇಕು?

ಉತ್ತರ: ದಿನವೂ ರಕ್ತ ಸೋರುವವರಿಗೆ ಬೀಟ್‌ರೂಟ್ ಮತ್ತು ಬೆಲ್ಲದಿಂದ ಕಬ್ಬಿಣಾಂಶ ತುಂಬುವುದಿಲ್ಲ. ಹಿಮೋಗ್ಲೋಬಿನ್ ಜೊತೆಗೆ, ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ನೋಡಿಸಿ. ಉರಿಯೂತವಿರುವಾಗ ಕಬ್ಬಿಣದ ಮಾತ್ರೆ ಹೊಟ್ಟೆಗೆ ಒಗ್ಗದೆ ಹೋಗಬಹುದು, ಆಗ ರಕ್ತನಾಳದ ಮೂಲಕ ಕೊಡುವ ಕಬ್ಬಿಣಾಂಶ ಬೇಗ ಕೆಲಸ ಮಾಡುತ್ತದೆ. ವಿಟಮಿನ್ ಡಿ ಮತ್ತು ಬಿ12 ಕೂಡ ಒಮ್ಮೆ ನೋಡಿಸಿ.

ಆಸ್ಪತ್ರೆಗೆ ಯಾವಾಗ ಎಂಬುದಕ್ಕೆ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು 1955ರಲ್ಲಿ ಹಾಕಿಕೊಟ್ಟ ಅಳತೆ ಇಂದಿಗೂ ಬಳಕೆಯಲ್ಲಿದೆ. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿಯಾಗುತ್ತಿದ್ದು, ಅದರ ಜೊತೆಗೆ ನಾಡಿ ನಿಮಿಷಕ್ಕೆ 90 ದಾಟಿದ್ದರೆ, ಅಥವಾ ಜ್ವರ 37.8 ಡಿಗ್ರಿ ಸೆಲ್ಸಿಯಸ್, ಅಂದರೆ 100 ಫ್ಯಾರನ್‌ಹೀಟ್ ದಾಟಿದ್ದರೆ, ಅಥವಾ ಹಿಮೋಗ್ಲೋಬಿನ್ 10.5ಕ್ಕಿಂತ ಕೆಳಗಿದ್ದರೆ ಅದು ತೀವ್ರ ದಾಳಿ. ನಾಡಿ ಎಣಿಸಲು, ಥರ್ಮಾಮೀಟರ್ ನೋಡಲು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ಅಂಥ ಹೊತ್ತಿನಲ್ಲಿ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನಾಗಲಿ, ಅಫೀಮಿನ ಅಂಶವಿರುವ ಊರ ಔಷಧವನ್ನಾಗಲಿ ಕೊಡಬೇಡಿ; ಕರುಳು ಚಲನೆ ನಿಂತು ಉಬ್ಬಿ ಒಡೆಯುವ ಅಪಾಯವಿರುತ್ತದೆ. ಓಆರ್‌ಎಸ್ ಕುಡಿಸುತ್ತ ಬೆಳಗಾವಿ, ವಿಜಯಪುರ ಅಥವಾ ಬಾಗಲಕೋಟೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಹತ್ತಿರವಾದದ್ದಕ್ಕೆ ಅದೇ ದಿನ ಹೊರಡಿ. ಹಳೆಯ ಕೊಲೊನೋಸ್ಕೋಪಿ ವರದಿ, ನಡೆದಿರುವ ಮಾತ್ರೆಗಳ ಚೀಟಿ, ಜೊತೆಗೆ ತಂಗಿ ಸೇವಿಸುತ್ತಿರುವ ಕಷಾಯ, ಪುಡಿ, ಗುಳಿಗೆಗಳ ಡಬ್ಬಿಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಎಲ್ಲವನ್ನೂ ವೈದ್ಯರ ಮೇಜಿನ ಮೇಲೆ ಇಡಿ.